ಬೋರನಕಣಿವೆಗೆ ನಡೆಯುವ ಮುನ್ನ

'ವಡ್ಡಾರಾಧನೆ'ಯ ಸುಕುಮಾರಸ್ವಾಮಿಯ ಕಥೆಯನ್ನು ಪಾಠಮಾಡುತ್ತಿದ್ದ ದಿನ ವಿದ್ಯಾರ್ಥಿಯೊಬ್ಬ ಎದ್ದು ನಿಂತು, "ಬರಿಗಾಲಲ್ಲಿ ನಡೆದರೆ ನಿಜವಾಗಿಯೂ ಅಷ್ಟು ರಕ್ತ ಸೋರುತ್ತದೆಯೆ ಸರ್?" ಎಂದು ಕೇಳಿದ. ದೀಪದ ಬೆಳಕಿಗೇ ಕಣ್ಣಲ್ಲಿ ನೀರೂರುತ್ತಿದ್ದ, ಸಾಸಿವೆಯ ಕಾಳು ಒತ್ತಿದರೂ ನೋಯುತ್ತಿದ್ದ ಶ್ರೇಷ್ಠಿಪುತ್ರ ಆತ. ದೀಕ್ಷೆ ಪಡೆದು ಕಾಡಿಗೆ ನಡೆದಾಗ ಪಾದದ ನೆತ್ತರಿನ ಜಾಡು ಹಿಡಿದು ನರಿಯೊಂದು ಮರಿಗಳೊಡನೆ ಬರುತ್ತದೆ. ನನ್ನ ತರಗತಿಯ ಬಹುಪಾಲು ಮಕ್ಕಳು ತೆಂಗಿನ ತೋಟದ ಮನೆಗಳವರೇ. ಆದರೂ ಬಸ್ಸು, ಬೈಕುಗಳ ಕಾಲದಲ್ಲಿ ಬೆಳೆದವರಿಗೆ ಆ ಪಾದಗಳು ಕವಿಕಲ್ಪನೆಯಾಗಿಯೇ ತೋರಿದವು. ಬೋರನಕಣಿವೆಗೆ ಚಾರಣ ಹೋಗುವ ಮಾತು ಹುಟ್ಟಿದ್ದು ಹಾಗೆ.

ಚಾರಣಕ್ಕೆ ಯೋಜನೆ ಬೇಕೆಂಬುದು ನನಗೆ ತಡವಾಗಿ ತಿಳಿದ ವಿಷಯ. ಸಂಶೋಧನೆಗೆಂದು ಮಾನಸಗಂಗೋತ್ರಿಯಲ್ಲಿದ್ದ ವರ್ಷಗಳಲ್ಲಿ ಬೆಳಗೂ ಬೈಗೂ ನಡೆದಿದ್ದೇನೆ. 1960ರಲ್ಲಿ ಆರಂಭವಾದ, ಕುವೆಂಪು ಹೆಸರಿಟ್ಟ ಆ ಆವರಣಕ್ಕೆ ಅಂಟಿದಂತೆ ಕುಕ್ಕರಹಳ್ಳಿ ಕೆರೆಯಿದೆ. ಕೆರೆಯ ಸುತ್ತಲಿನ ಮರಗಳ ದಾರಿ ಎಷ್ಟು ಸಜ್ಜನಿಕೆಯದೆಂದರೆ, ಮೈಮರೆತು ನಡೆದವನನ್ನೂ ಹೊರಟಲ್ಲಿಗೇ ತಂದು ಬಿಡುತ್ತದೆ. ಎಲ್ಲ ದಾರಿಗಳೂ ಹೀಗೆಯೇ ಎಂದು ನಂಬಿ ಊರಿಗೆ ಮರಳಿದೆ.

ಆ ನಂಬಿಕೆ ಮುರಿದದ್ದು ಹತ್ತು ವರ್ಷಗಳ ಹಿಂದೆ. ವಿದ್ಯಾರ್ಥಿಗಳ ತಂಡವೊಂದನ್ನು ಗುಡ್ಡಕ್ಕೆ ಕರೆದೊಯ್ದಿದ್ದೆ. ಹೊರಟಾಗಲೇ ಒಂಬತ್ತು ಗಂಟೆ. ತಲೆಗೊಂದು ಬಾಟಲಿ ನೀರು. ಶಾಸನ, ವೀರಗಲ್ಲುಗಳ ಬಗ್ಗೆ ಮಾತನಾಡುತ್ತ ನಾನು ಮುಂದೆ ಮುಂದೆ ಹೋದೆ. ಹಿಂದೆ ಉಳಿದ ಹುಡುಗಿಯೊಬ್ಬಳು ಪ್ರತಿ ಸಲವೂ "ಏನಿಲ್ಲ ಸರ್, ಬರ್ತಿದೀನಿ" ಎನ್ನುತ್ತಿದ್ದಳು. ಅವಳಿಗೆ ಉಬ್ಬಸವಿದ್ದುದು ನನಗೆ ತಿಳಿದದ್ದು ಅವಳು ಬಂಡೆಯೊಂದಕ್ಕೆ ಒರಗಿ ಕುಸಿದ ಮೇಲೆ. ಕುರಿ ಕಾಯುವ ಹಿರಿಯರೊಬ್ಬರು ಹತ್ತಿರದ ದಾರಿ ತೋರಿಸಿದ್ದರಿಂದ ಅವಳನ್ನು ಆಸ್ಪತ್ರೆಗೆ ಮುಟ್ಟಿಸಲು ಸಾಧ್ಯವಾಯಿತು. ಚೇತರಿಸಿಕೊಂಡಳು. ತನ್ನಿಂದ ಎಲ್ಲರ ಪ್ರವಾಸ ಕೆಟ್ಟಿತೆಂದು ಅವಳೇ ನನ್ನ ಕ್ಷಮೆ ಕೇಳಿದಳು! ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಮುನಿಗಳ ಈರ್ಯಾಸಮಿತಿಯನ್ನು ಪ್ರತಿವರ್ಷ ಪಾಠಮಾಡುವವನು ನಾನು: ಹಗಲಿನಲ್ಲಿ, ಜನ ತುಳಿದ ದಾರಿಯಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಜೀವಿಗೆ ನೋವಾಗದಂತೆ ಅಡಿಯಿಡಬೇಕು. ಅಂದು ನಾನು ನೋಡಿದ್ದು ಶಿಖರವನ್ನು.

ಆದ್ದರಿಂದ ಈ ಬಾರಿ ಕಾಗದ ಹಿಡಿದು ಕುಳಿತಿದ್ದೇನೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಈ ಕಣಿವೆಯಲ್ಲಿ ಸುವರ್ಣಮುಖಿಗೆ ಅಣೆಕಟ್ಟು ಕಟ್ಟಿದ್ದಾರೆ. ಆ ಹೊಳೆ ಮುಂದೆ ವೇದಾವತಿಯನ್ನು ಸೇರುತ್ತದೆ. ತಿಪಟೂರು, ತುರುವೇಕೆರೆಗಳ ತೋಟದ ನೆರಳು ಇಲ್ಲಿಲ್ಲ. ಜಾಲಿ, ಕಾರೆ, ಬಂದರೆ, ತುಗ್ಗಲಿಗಳ ಕುರುಚಲು ಕಾಡು. ಹತ್ತು ಗಂಟೆಯ ಮೇಲೆ ಕಲ್ಲು ಕಾಯುತ್ತದೆ. ಚಿರತೆ, ಕರಡಿಗಳ ಸೀಮೆಯೂ ಹೌದು. ಶಿರಾ ಕಡೆಯ ಬುಕ್ಕಾಪಟ್ಟಣದ ಕಾಡು 2019ರಲ್ಲಿ ಚಿಂಕಾರಾ ವನ್ಯಜೀವಿಧಾಮವಾಗಿ ಘೋಷಿತವಾಗಿದೆ. ಕಾಡಿನೊಳಗೆ ಕಾಲಿಡುವುದಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲು, ಉತ್ಸಾಹ ಆಮೇಲೆ.

ಮಕ್ಕಳಿಗೆ ಮಳೆಗಾಲವೇ ಬೇಕು. ಫೋಟೋಗಳಲ್ಲಿ ಹಸಿರು ಕಾಣಬೇಕಲ್ಲ! ಮಳೆಯಲ್ಲಿ ನೆಲದ ತುಂಬ ಜೀವಿಗಳಿರುತ್ತವೆಂದೇ ಮುನಿಗಳು ನಾಲ್ಕು ತಿಂಗಳು ಒಂದೆಡೆ ನಿಲ್ಲುತ್ತಾರೆ. ನಮ್ಮ ಕಾರಣ ಅಷ್ಟು ಉದಾತ್ತವಲ್ಲ, ಬಂಡೆ ಜಾರುತ್ತದೆ. ಶಿವರಾತ್ರಿಯ ಹೊತ್ತಿಗೆ ಹುಲ್ಲು ಒಣಗಿ ಬೆಂಕಿಯ ಭಯ. ಕಾರ್ತಿಕ ಕಳೆದ ಮೇಲಿನ ಒಂದು ಭಾನುವಾರ ಎಂದು ಗೊತ್ತುಮಾಡಿದೆ. ಬೆಳಿಗ್ಗೆ ಆರಕ್ಕೆ ಹೊರಡುವುದು, ಹತ್ತಕ್ಕೆ ಎಲ್ಲಿದ್ದರೂ ಹಿಂದಿರುಗುವುದು. ತಲೆಗೆ ಎರಡು ಲೀಟರ್ ನೀರು. ಮುಂದೆ ದಾರಿ ಬಲ್ಲ ಸ್ಥಳೀಯರೊಬ್ಬರು, ಕಟ್ಟಕಡೆಗೆ ನಾನು.

ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ದಿಗ್ವ್ರತದ ಮಾತು ಬರುತ್ತದೆ. ಗೃಹಸ್ಥನು ನದಿ, ಅಡವಿ, ಬೆಟ್ಟದಂಥ ಪ್ರಸಿದ್ಧ ಗುರುತುಗಳನ್ನು ಎಲ್ಲೆಯಾಗಿಟ್ಟುಕೊಂಡು, ಅದರಾಚೆ ಹೋಗೆನೆಂದು ನೇಮ ಮಾಡಿಕೊಳ್ಳುವ ವ್ರತವದು. ಅದರ ಉದ್ದೇಶ ಬೇರೆ. ಆದರೂ ನಕ್ಷೆಯ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆಯುವಾಗ ನೆನಪಾದದ್ದು ಅದೇ. ಉತ್ತರದ ಗುಡ್ಡದ ನೆತ್ತಿಯನ್ನು ಎಲ್ಲೆಯೊಳಗೆ ಸೇರಿಸಿದ್ದೆ.

ನಿನ್ನೆ ತರಗತಿ ಮುಗಿದ ಮೇಲೆ ವಿದ್ಯಾರ್ಥಿನಿಯೊಬ್ಬಳು ಬಾಗಿಲ ಬಳಿ ನಿಂತಿದ್ದಳು. ಬಾಲ್ಯದಲ್ಲಿ ಮುರಿದಿದ್ದ ಕಾಲು ಈಗಲೂ ಹೆಚ್ಚು ಏರುವಾಗ ನೋಯುತ್ತದೆಯಂತೆ. "ನಾನು ಬಸ್ಸಿನಲ್ಲೇ ಕೂತಿರ್ತೀನಿ ಸರ್, ಪರವಾಗಿಲ್ಲ" ಎಂದಳು. ಮನೆಗೆ ಬಂದು ನೆತ್ತಿಯ ಗೆರೆಯನ್ನು ಅಳಿಸಿದೆ. ಈಗಿನ ದಾರಿ ಅಣೆಕಟ್ಟಿನಿಂದ ನೀರಿನಂಚು ಹಿಡಿದು ಮೊದಲ ತಿರುವಿನವರೆಗೆ ಮಾತ್ರ. ಹುಡುಗರು ಗೊಣಗುತ್ತಿದ್ದಾರೆ. ಬರಿಗಾಲ ಪ್ರಶ್ನೆ ಕೇಳಿದವನಿಗೆ, ಬೇಕಾದರೆ ಅಲ್ಲಿ ಹತ್ತು ಹೆಜ್ಜೆ ಚಪ್ಪಲಿ ಕಳಚಿ ನಡೆದು ನೋಡು ಎಂದಿದ್ದೇನೆ.