ನಿದ್ದಿ ಹತ್ತಿರಲಿಲ್ಲ, ಮಲಗಿದ್ದೆ

ಯಾವುದೇ ವಿಶೇಷಾಂಕ ಕೈಗೆ ಸಿಕ್ಕರೂ ನಾನು ಮೊದಲು ಹುಡುಕುವುದು ಪ್ರಬಂಧದ ಪುಟ. ಕತೆ ಆಮೇಲೆ, ಕವಿತೆ ಅದಕ್ಕೂ ಆಮೇಲೆ, ರಾಶಿ ಭವಿಷ್ಯ ಯಾರೂ ನೋಡದಾಗ. ಒಬ್ಬರು ಹಿಮಾಲಯ ಹತ್ತಿ ಬಂದದ್ದನ್ನು ಬರೆದಿದ್ದರೆ ಎರಡು ಪ್ಯಾರಾಕ್ಕೇ ಆಕಳಿಕೆ. ಅದೇ ಮನುಷ್ಯ ಬೀಗರ ಮನೆಯ ಪ್ಲಾಸ್ಟಿಕ್ ಕುರ್ಚಿ ಮುರಿದು ಕೆಳಗೆ ಕೂತದ್ದನ್ನು ಬರೆದಿದ್ದರೆ ಎರಡು ಸಲ ಓದುತ್ತೇನೆ. ಗೆಳೆಯರು ಇದನ್ನು ಟೈಂಪಾಸ್ ಅನ್ನುತ್ತಾರೆ. ಇರಬಹುದು. ಆದರೆ ಹಿಮಾಲಯವೂ ಟೈಂಪಾಸೇ ಅಲ್ಲವಾ? ಕುರ್ಚಿ ಯಾಕೆ ಗೆಲ್ಲುತ್ತದೆ ಅನ್ನುವುದೇ ನನ್ನ ಪ್ರಶ್ನೆ.

ನನಗೆ ಅನ್ನಿಸುವುದು, ಇದರ ಗುಟ್ಟು ನಮ್ಮ ಕನ್ನಡದ ಕ್ರಿಯಾಪದದ ಬಾಲದಲ್ಲಿ ಅದೆ. ತಪ್ಪಿಸಿಕೊಳ್ಳುವವರಿಗೆ ಕನ್ನಡದಷ್ಟು ಅನುಕೂಲವಾದ ಭಾಷೆ ಇನ್ನೊಂದು ಇರಲಿಕ್ಕಿಲ್ಲ. ಕಪ್ಪು ಒಡೀತು. ಕೈ ಜಾರಿತು. ಮರೆತು ಹೋಯಿತು. ನಿದ್ದೆ ಬಂತು. ಬಸ್ಸು ತಪ್ಪಿತು. ಸಿಟ್ಟು ಬಂತು, ಬಾಯಿಂದ ಮಾತು ಬಂದುಬಿಡ್ತು. ಇಷ್ಟೆಲ್ಲಾ ಆದರೂ ಮನುಷ್ಯ ಎಲ್ಲೂ ಇಲ್ಲ. ಎಲ್ಲ ತಾನಾಗೇ ಆಗುತ್ತದೆ, ತಾನಾಗೇ ಬರುತ್ತದೆ, ತಾನಾಗೇ ಹೋಗುತ್ತದೆ. ಬಾಲ ಒಂಚೂರು ತಿರುಗಿಸಿ 'ಒಡೀತು' ಅನ್ನುವ ಕಡೆ 'ಒಡೆದೆ' ಅನ್ನಿ. ತಕ್ಷಣ ಒಬ್ಬ ಆಸಾಮಿ ಪ್ರತ್ಯಕ್ಷ ಆಗುತ್ತಾನೆ, ಕೈಯಲ್ಲಿ ಕಪ್ಪಿನ ಹಿಡಿಕೆ ಮಾತ್ರ ಹಿಡಿದುಕೊಂಡು. ನಗು ಶುರುವಾಗುವುದೇ ಅಲ್ಲಿಂದ.

ನನ್ನ ಕಸುಬಿನಲ್ಲೂ ಇದರದೇ ಒಂದು ಅವತಾರ ಇದೆ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಸಿಸ್ಟಂ ಕುಸಿದು ಬಿದ್ದರೆ ಆಮೇಲೆ ಪೋಸ್ಟ್‌ಮಾರ್ಟಮ್ ವರದಿ ಬರೆಯುತ್ತಾರೆ. ಅದು 'ಬ್ಲೇಮ್‌ಲೆಸ್' ಆಗಿರಬೇಕು, ಅಂದರೆ ಯಾರ ಮೇಲೂ ಬೆರಳು ತೋರಿಸಬಾರದು ಅನ್ನುವುದು ಪದ್ಧತಿ. 2016ರಲ್ಲಿ ಗೂಗಲ್‌ನವರು ತಮ್ಮ ಸಿಸ್ಟಂಗಳನ್ನು ಹೇಗೆ ನಡೆಸುತ್ತೇವೆ ಅಂತ ಒಂದು ದಪ್ಪ ಪುಸ್ತಕ ತಂದರು, ಅದರಲ್ಲಿ ಇದಕ್ಕಾಗಿ ಒಂದು ಅಧ್ಯಾಯವೇ ಇದೆ. ಒಳ್ಳೆಯ ಪದ್ಧತಿ, ನಾನು ಅದರ ಪರ. ಬೈತಾರೆ ಅಂತ ಗೊತ್ತಿದ್ದರೆ ಯಾವನೂ ನಿಜ ಹೇಳುವುದಿಲ್ಲ. ಆದರೆ ಆ ವರದಿಗಳನ್ನು ಓದಿ ನೋಡಿ. 'ಕಾನ್ಫಿಗರೇಶನ್ ಬದಲಾಯಿಸಲಾಯಿತು. ಅಲರ್ಟ್ ಗಮನಿಸಲ್ಪಡಲಿಲ್ಲ.' ರಾತ್ರಿ ಎರಡು ಗಂಟೆಗೆ ಇಷ್ಟೆಲ್ಲಾ ಮಾಡಿದವರು ಯಾರು? ದೆವ್ವ? ಕಾರಣ ಪೂರ್ತಿ ತಿಳಿಯುತ್ತದೆ, ಮನುಷ್ಯ ಮಾತ್ರ ಸಿಗುವುದಿಲ್ಲ. ಅದೇ ವರದಿಯನ್ನು ಅದೇ ಹುಡುಗ ಚಹಾದ ಹೊತ್ತಿನಲ್ಲಿ 'ಏ ಮಾರಾಯ, ನಾ ಎಂಟರ್ ಒತ್ತಿದೆ ನೋಡು' ಅಂತ ಶುರು ಮಾಡಿದರೆ ಹತ್ತು ಜನ ಕುರ್ಚಿ ಎಳೆದುಕೊಂಡು ಬರುತ್ತಾರೆ.

ಕುರ್ಚಿ ಎಳೆಸುವ ಈ ಕಲೆಯನ್ನು ನಾನು ಮೊದಲು ಕಂಡದ್ದು ಪುಸ್ತಕದಲ್ಲಿ ಅಲ್ಲ. ನಮ್ಮದು ಚಿಂಚೋಳಿ ತಾಲೂಕಿನ ಸುಲೇಪೇಟ. ಅಲ್ಲಿ ಒಬ್ಬ ಕಾಕಾ ಇದ್ದಾನೆ. ಹೆಸರು ಬೇಡ, ಊರವರು ಓದಿದರೆ ಮುಂದಿನ ಸಾಲಿಗೇ ಗುರುತು ಹಿಡಿಯುತ್ತಾರೆ. ಅವನ ಮುಖ್ಯ ಕೃತಿ, ಅದನ್ನು ಕೃತಿ ಅಂತಲೇ ಅನ್ನಬೇಕು, ತಾಳಿಯ ಕತೆ. ಅಣ್ಣನ ಮಗನ ಮದುವೆ ಸೇಡಂನಲ್ಲಿ. ಕಲಬುರಗಿಯ ಸರಾಫ್ ಬಜಾರಿಗೆ ಹೋಗಿ ತಾಳಿ ತರುವ ಜವಾಬ್ದಾರಿ ಕಾಕಾನದು. ರೈಲು ವಾಡಿ ಜಂಕ್ಷನ್‌ನಲ್ಲಿ ಎರಡು ದಾರಿ ಹಿಡಿಯುತ್ತದಲ್ಲ, ಒಂದು ಚಿತ್ತಾಪುರ, ಮಳಖೇಡ, ಸೇಡಂ, ತಾಂಡೂರು ಅಂತ ಹೈದರಾಬಾದಿನ ಕಡೆ, ಇನ್ನೊಂದು ಯಾದಗಿರಿ, ರಾಯಚೂರಿನ ಕಡೆ. ಕಾಕಾ ಹತ್ತಿದ್ದು ರಾಯಚೂರಿನ ಗಾಡಿ. ವಾಡಿಯಲ್ಲಿ ಇಳಿದು ಗಾಡಿ ಬದಲಿಸಬೇಕಿತ್ತು.

ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಏನು ಹೇಳುತ್ತಿದ್ದರು? 'ನಿದ್ದಿ ಹತ್ತಿತ್ತು, ವಾಡಿ ಹೋಗೇಬಿಟ್ಟಿತ್ತು.' ಕಾಕಾ ಹಂಗ ಹೇಳುವುದಿಲ್ಲ. 'ನಿದ್ದಿ ಹತ್ತಿತ್ತು ಅಂದ್ರ ಸುಳ್ಳಾಗ್ತದ. ಕಿಡಕಿ ಬಾಜೂಕ ಸೀಟು ಸಿಕ್ಕಿತ್ತು, ತಂಪು ಗಾಳಿ. ಟಾವೆಲ್ ತಲಿಗೆ ಸುತ್ತಗೊಂಡು ನಾನೇ ಮಲಗ್ದೆ. ಶಹಾಬಾದ ಬಂದಾಗ ಒಂದ್ ಕಣ್ಣು ತೆಗ್ದು ನೋಡ್ದೆ. ಇನ್ನ ವಾಡಿ ಅದಲ್ಲ ಅಂತ ಆ ಕಣ್ಣೂ ಮುಚ್ಚಿದೆ.' ಈ ಒಂದು ಕಣ್ಣಿನ ಮೇಲೇ ಇಡೀ ಕತೆ ನಿಂತಿದೆ. ಮುಂದಿನದು ಎಲ್ಲರಿಗೂ ಬಾಯಿಪಾಠ. ಕಾಕಾ ರಾಯಚೂರು ಸ್ಟೇಷನ್‌ನಲ್ಲಿ ಪೂರಿ ತಿನ್ನುವ ಹೊತ್ತಿಗೆ ಸೇಡಂನಲ್ಲಿ ಹಿರಿಯರು ಅರಿಶಿನದ ಕೊಂಬಿಗೆ ದಾರ ಸುತ್ತಿ ತಾಳಿ ಕಟ್ಟಿಸಿದ್ದರು. ಆ ಮದುಮಗಳಿಗೆ ಈಗ ಮೊಮ್ಮಕ್ಕಳು. ಇವತ್ತಿಗೂ ಕಾಕಾ ಎದುರಾದರೆ 'ನನಗಿಂತ ಮೊದಲು ನನ್ನ ತಾಳಿ ರಾಯಚೂರು ನೋಡ್ಯದ' ಅನ್ನುತ್ತಾಳಂತೆ.

ಕಾಕಾ ಈ ಕತೆ ಮುಗಿಸಿದ ಮೇಲೆ ಹೋಟೆಲಿನಲ್ಲಿ ಏನಾಗುತ್ತದೆ ಅನ್ನುವುದು ನನಗೆ ಕತೆಗಿಂತ ದೊಡ್ಡದು. ಒಬ್ಬ 'ನಂದೂ ಒಂದ್ ಕೇಳ್ರಿ' ಅಂತ ಶುರು ಮಾಡುತ್ತಾನೆ. ಅವನು ಮುಗಿಸುವಷ್ಟರಲ್ಲಿ ಇನ್ನೊಬ್ಬ. ವರ್ಷಗಟ್ಟಲೆ ಹೆಂಡತಿಗೂ ಹೇಳದ್ದನ್ನು ಹೇಳಿಬಿಡುತ್ತಾರೆ. ಅದೇ ಹೋಟೆಲಿಗೆ ಮಗನ ಪ್ಯಾಕೇಜು, ಹೈದರಾಬಾದಿನ ಪ್ಲಾಟು, ತಹಶೀಲ್ದಾರರ ಸಂಗಡ ಇರುವ ಸಲಿಗೆ ಹೇಳುವವರೂ ಬರುತ್ತಾರೆ. ಅವರ ಮಾತು ಮುಗಿದರೆ ಎಲ್ಲರೂ 'ಹೌದ್ರಿ, ಹೌದ್ರಿ' ಅಂದು ಬಿಲ್ಲು ಕೊಟ್ಟು ಎದ್ದು ಹೋಗುತ್ತಾರೆ. ಜಂಭಕ್ಕೆ ಕಿವಿ ಸಿಗುತ್ತದೆ, ಜೋಡಿ ಸಿಗುವುದಿಲ್ಲ.

ಮಳಖೇಡದ ಹೆಸರು ಬಂತು. ಕಾಗಿಣಾ ದಂಡೆಯ ಈ ಊರನ್ನು ನಮ್ಮ ಕಡೆಯವರು ಈಗ ಗುರುತಿಸುವುದು ಸಿಮೆಂಟ್ ಧೂಳಿನಿಂದ. ಆದರೆ ರಾಷ್ಟ್ರಕೂಟರ ಮಾನ್ಯಖೇಟ ಅದೇ. ನೃಪತುಂಗನ ಆಸ್ಥಾನದಲ್ಲಿ, 9ನೇ ಶತಮಾನದಲ್ಲಿ, ಶ್ರೀವಿಜಯ ಬರೆದ 'ಕವಿರಾಜಮಾರ್ಗ'ದಲ್ಲಿ ನನಗೆ ಭಾಳ ಇಷ್ಟವಾದ ಒಂದು ಹೋಲಿಕೆ ಬರುತ್ತದೆ: ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನು ನೋಡಲಾರದ ಹಾಗೆ, ಮನುಷ್ಯ ತನ್ನ ದೋಷವನ್ನು ತಾನು ಕಾಣಲಾರ ಅಂತ. ಆತ ಹೇಳಿದ್ದು ಕಾವ್ಯದ ದೋಷದ ಬಗ್ಗೆ. ಆದರೆ ನಗೆಪ್ರಬಂಧ ಬರೆಯುವವರು ಮಾಡುವ ಕೆಲಸ ಆ ಕಾಡಿಗೆ ನೋಡಿಕೊಳ್ಳುವುದೇ. ಕನ್ನಡಿ ಎಲ್ಲಿಂದಲೋ ಎರವಲು ತಂದು, ಕಾಡಿಗೆ ಕೆನ್ನೆ ತನಕ ಇಳಿದದ್ದನ್ನು ಕಂಡು, ಒರೆಸಿಕೊಳ್ಳದೆ ಹಾಗೇ ಬೀದಿಗೆ ಬರುತ್ತಾರೆ. ಧೈರ್ಯ ಬೇಕು.

ಆ ಕನ್ನಡಿ ಬರವಣಿಗೆಯಾಗಿ ನಮ್ಮ ಕಡೆ ಬಂದದ್ದು ತಡವಾಗಿ. ಗೊರೂರರ 'ಹಳ್ಳಿಯ ಚಿತ್ರಗಳು' 1930ರಲ್ಲಿ ಬಂತು, ಎ. ಎನ್. ಮೂರ್ತಿರಾಯರ 'ಹಗಲುಗನಸುಗಳು' 1937ರಲ್ಲಿ. ಡಾಕ್ಟರ್ ಶಿವರಾಂ, ಅಂದರೆ ರಾಶಿ, 'ಕೊರವಂಜಿ' ಶುರು ಮಾಡಿದ್ದು 1942ರಲ್ಲಿ. ಆಗ ಸುಲೇಪೇಟ ನಿಜಾಮನ ರಾಜ್ಯದಲ್ಲಿತ್ತು. ಸರ್ಕಾರಿ ಕಾಗದ ಉರ್ದು, ಮೇಲಿನ ಓದೂ ಉರ್ದು. ಕನ್ನಡದಲ್ಲಿ ಕೂತು 'ನಾನು' ಅಂತ ಬರೆದು ನಗಿಸುವ ಪುರುಸೊತ್ತು ಯಾರಿಗಿತ್ತು, ಬರೆದರೂ ಅಚ್ಚು ಹಾಕುವವರು ಎಲ್ಲಿದ್ದರು? 1948 ಆಗಿ, 1956 ಆಗಿ, ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿತನಕ, ಆಮೇಲೂ, ನಮ್ಮ ಪ್ರಬಂಧಗಳೆಲ್ಲ ಹೋಟೆಲಿನಲ್ಲೇ ಪ್ರಕಟ ಆಗಿ ಹೋಟೆಲಿನಲ್ಲೇ ಮುಗಿದವು.

ಅಷ್ಟರಲ್ಲಿ ನಮ್ಮ ಬಗ್ಗೆ ಬೇರೆಯವರು ನಗಲು ಶುರು ಮಾಡಿದ್ದರು. ಸಿನಿಮಾದಲ್ಲಿ ಹೀರೋ ಬೆಂಗಳೂರು ಕನ್ನಡ ಆಡುತ್ತಾನೆ, ಅವನ ಗೆಳೆಯ, ಅಡುಗೆಯವ, ಕಾನ್‌ಸ್ಟೇಬಲ್ ನಮ್ಮ ಕನ್ನಡ ಆಡುತ್ತಾರೆ. ಜೋಕು ಬೇರೆ ಬೇಕಾಗಿಯೇ ಇಲ್ಲ, 'ಎಲ್ಲಿಗಿ ಹೊಂಟೀರಿ' ಅಂದರೆ ಸಾಕು, ಥೇಟರು ನಗುತ್ತದೆ. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಮೊದಲ ವಾರ ನನಗೆ ಬಂದ ಬೇಡಿಕೆ ಒಂದೇ: 'ನಿಮ್ ಭಾಷೇಲಿ ಏನಾದ್ರೂ ಮಾತಾಡು ಮಗಾ.' ಏನಾದ್ರೂ ಅಂದರೆ ಏನು ಬೇಕಾದರೂ. ನಾನು ಊಟ ಅದೇನು ಅಂತ ಕೇಳಿದರೂ ನಕ್ಕರು. ಕೆಟ್ಟ ಹುಡುಗರಲ್ಲ, ಇವತ್ತಿಗೂ ಗೆಳೆಯರು. ಆದರೆ ಜೋಕು ಹೇಳಿ ನಗಿಸುವುದಕ್ಕೂ, ತಾನೇ ಜೋಕಾಗುವುದಕ್ಕೂ ಇರುವ ಅಂತರ ನನಗೆ ಆ ವಾರ ತಿಳಿಯಿತು.

ಬೀಚಿ ಯಾಕೆ ನಮ್ಮ ಕಡೆ ಅಷ್ಟು ಬೇಕಾದವರು ಅನ್ನುವುದೂ ಆಗಲೇ ತಿಳಿದದ್ದು. ಹರಪನಹಳ್ಳಿಯಲ್ಲಿ ಹುಟ್ಟಿದ ರಾಯಸಂ ಭೀಮಸೇನರಾವ್ ತಮ್ಮ ಕಾವ್ಯನಾಮವನ್ನು ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಂಡು, ಯಾರಾದರೂ ನಗುವ ಮೊದಲೇ ತಾವೇ ತಮ್ಮ ಹೆಸರಿಗೆ ನಕ್ಕರು. ಆತ್ಮಕತೆಗೆ ಇಟ್ಟ ಹೆಸರು 'ನನ್ನ ಭಯಾಗ್ರಫಿ'. ಬಯಾಗ್ರಫಿಗೆ ಒಂದು ಒತ್ತು ಕೊಟ್ಟರೆ ಭಯ ಹೊರಗೆ ಬೀಳುತ್ತದೆ, ನೋಡಿ. ಆಮೇಲೆ ಗಂಗಾವತಿ ಪ್ರಾಣೇಶ್ ಬಂದರು. ಕ್ಯಾಸೆಟ್ಟು, ಸಿ.ಡಿ., ಮೊಬೈಲು ಅಂತ ಅವರ ಧ್ವನಿ ನಮ್ಮ ಹೊಲದ ತನಕ ಬಂತು. ಅವರು ನಮ್ಮ ಮಾತಿನಲ್ಲೇ ನಮ್ಮ ಫಜೀತಿ ಹೇಳಿದಾಗ ಬೆಂಗಳೂರಿನ ಸಭಾಂಗಣವೂ ನಗುತ್ತದೆ, ಸುಲೇಪೇಟವೂ ನಗುತ್ತದೆ. ಆದರೆ ಈ ಸಲ ನಗು ಯಾವಾಗ ಶುರುವಾಗಬೇಕು, ಎಲ್ಲಿ ನಿಲ್ಲಬೇಕು ಅನ್ನುವುದು ಮೈಕು ಹಿಡಿದವರ ಕೈಯಲ್ಲಿದೆ. ಥೇಟರಿನಲ್ಲಿ ಅದು ನಮ್ಮ ಕೈಯಲ್ಲಿ ಇರಲಿಲ್ಲ.

ಎಲ್ಲ ತಪ್ಪೊಪ್ಪಿಗೆಯೂ ಅಸಲಿ ಅಲ್ಲ, ಅದನ್ನೂ ಹೇಳಬೇಕು. 'ನನ್ನ ದೊಡ್ಡ ದೌರ್ಬಲ್ಯ ಅಂದ್ರೆ ಅತಿಯಾಗಿ ಕೆಲಸ ಮಾಡೋದು' ಅಂತ ಇಂಟರ್‌ವ್ಯೂನಲ್ಲಿ ಹೇಳುತ್ತಾರಲ್ಲ, ಅದರ ಪ್ರಬಂಧರೂಪಗಳೂ ಇವೆ. ತನ್ನ ಮೇಲೆ ನಗುತ್ತೇನೆ ಅಂತ ಶುರು ಮಾಡಿ ಮೂರನೇ ಸಾಲಿಗೆ ಹೆಂಡತಿಯ ಅಡುಗೆ, ಹೆಂಡತಿಯ ತೂಕ, ಹೆಂಡತಿಯ ಶಾಪಿಂಗ್ ಮೇಲೆ ಬಂದು ಕೂರುವವರಂತೂ ಲೆಕ್ಕವಿಲ್ಲ. ಅದು ತಪ್ಪೊಪ್ಪಿಗೆ ಅಲ್ಲ, ಚಾಡಿ.

ಅಸಲಿ ಬರಹಗಾರರೂ ಎಲ್ಲವನ್ನೂ ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ಈ ಬಗೆಯ ಪ್ರಬಂಧಕ್ಕೆ ಹೆಸರಾದ ಚಾರ್ಲ್ಸ್ ಲ್ಯಾಂಬ್ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಆಫೀಸಿನಲ್ಲಿ 33 ವರ್ಷ ಗುಮಾಸ್ತನಾಗಿದ್ದ. ನಮ್ಮಂತೆಯೇ ಕೂತಲ್ಲೇ ಕೂತು ಬೇರೆ ದೇಶದ ಲೆಕ್ಕ ನೋಡುವ ನೌಕರಿ. ತನ್ನ ಸೋಮಾರಿತನ, ಹೊಟ್ಟೆಬಾಕತನ, ಸಂಗೀತ ತಿಳಿಯದ ಕಿವಿ, ಎಲ್ಲ ಬರೆದು ನಗಿಸಿದ. ಆದರೆ 1796ರಲ್ಲಿ ಅವನ ಅಕ್ಕ ಮೇರಿ ಬುದ್ಧಿಭ್ರಮಣೆಯಾದ ಹೊತ್ತಿನಲ್ಲಿ ತಾಯಿಯನ್ನೇ ಚಾಕುವಿನಿಂದ ಕೊಂದಿದ್ದಳು. ಆಗ ಅವನಿಗೆ 21 ವರ್ಷ. ಅವನು ಮದುವೆಯಾಗಲಿಲ್ಲ, ಸಾಯುವ ತನಕ ಅಕ್ಕನನ್ನು ನೋಡಿಕೊಂಡ. ಪ್ರಬಂಧಗಳಲ್ಲಿ ಅವಳು ಬರುತ್ತಾಳೆ, ಬ್ರಿಜೆಟ್ ಎಂಬ ಸೋದರಸಂಬಂಧಿಯಾಗಿ, ಪುಸ್ತಕ ಓದುತ್ತ, ಚಹಾ ಕುಡಿಯುತ್ತ. ಅವನ ಹೆಸರೂ ಅಲ್ಲಿ ಎಲಿಯಾ. ಆ ದಿನದ ಸುದ್ದಿ ಮಾತ್ರ ಎಲ್ಲೂ ಇಲ್ಲ. ಇದು ಗೊತ್ತಾದ ಮೇಲೆ ಅವನ ತಮಾಷೆ ನನಗೆ ಕಡಿಮೆ ಆಗಲಿಲ್ಲ, ಆದರೆ ನಗುವಾಗ ದನಿ ಸ್ವಲ್ಪ ಇಳಿಯಿತು.

ನಮ್ಮಲ್ಲೇ ನೋಡಿ. ಸಂಡೂರಿನ ವಸುಧೇಂದ್ರ, ಸಾಫ್ಟ್‌ವೇರಿನವರೇ, 'ನಮ್ಮಮ್ಮ ಅಂದ್ರೆ ನಂಗಿಷ್ಟ' ಬರೆದು ಮನೆಮನೆಗೂ ಬೇಕಾದವರಾದರು. ನಮ್ಮ ಅವ್ವನಿಗೆ ನಾನು ಓದಿ ಹೇಳಿದ ಮೊದಲ ಕನ್ನಡ ಪುಸ್ತಕ ಅದೇ, ಅಕಿ ಅತ್ತೂ ಅತ್ತು ನಕ್ಕಳು. ಅಷ್ಟು ಬಿಚ್ಚಿ ಬರೆದವರಿಗೂ ತಾನು ಸಲಿಂಗಕಾಮಿ ಅನ್ನುವ ಮಾತಿಗೆ ಪ್ರಬಂಧದ 'ನಾನು' ಸಾಲಲಿಲ್ಲ. 2013ರಲ್ಲಿ 'ಮೋಹನಸ್ವಾಮಿ' ಅನ್ನುವ ಪಾತ್ರದ ಮೂಲಕ ಕತೆಯಾಗಿ ಬಂತು, ಆಮೇಲೆ ಅವರು ಬಹಿರಂಗವಾಗಿ ಹೇಳಿಕೊಂಡರು. ಅಮ್ಮನ ಪುಸ್ತಕಕ್ಕೆ ನಕ್ಕ ಓದುಗರಲ್ಲಿ ಅನೇಕರು ಈ ಪುಸ್ತಕವನ್ನೂ ಕೈಗೆತ್ತಿಕೊಂಡರು. ನಗಿಸಿದ ಮನುಷ್ಯನ ಮೇಲೆ ಒಂದು ನಂಬಿಕೆ ಹುಟ್ಟಿರುತ್ತದೆ, ಅದು ಸಣ್ಣ ಬಂಡವಾಳ ಅಲ್ಲ ಅಂತ ನನ್ನ ಎಣಿಕೆ.

ಕಾಕಾನದೂ ಒಂದು ಇದೆ, ಹೋಟೆಲಿನಲ್ಲಿ ಹೇಳದ್ದು. ಹೋದ ಸಲ ಊರಿಗೆ ಹೋದಾಗ ಅವನ ಮನೆಗೆ ಊಟಕ್ಕೆ ಹೋಗಿದ್ದೆ. ತೊಗರಿ ಹೆಂಗ ಅದ ಅಂತ ಕೇಳಿದೆ. ನಮ್ಮ ಕಡೆ ಇದು ಆರೋಗ್ಯ ವಿಚಾರಿಸಿದ ಹಾಗೆ. ತಾಳಿ ಕತೆಯನ್ನು ಅರ್ಧ ಗಂಟೆ ಎಳೆಯುವ ಮನುಷ್ಯ ಎರಡೇ ಮಾತಿನಲ್ಲಿ ಮುಗಿಸಿದ. 'ನೆಟಿ ರೋಗ ಬಂತು. ಸಾಲ ಆಗ್ಯದ.' ಅಷ್ಟು ಅಂದು ರೊಟ್ಟಿ ಮುರಿಯಲು ಶುರು ಮಾಡಿದ. ನೆಟೆ ರೋಗ ತಾನಾಗೇ ಬರುತ್ತದೆ, ನಿಜ. ಹೂ ಬಿಡುವ ಹೊತ್ತಿಗೆ ಹೊಲಕ್ಕೆ ಹೊಲವೇ ನಿಂತಲ್ಲೇ ಒಣಗುತ್ತದೆ, ಅದಕ್ಕೆ ಯಾರನ್ನು ಬೈಯುವುದು? ಆದರೆ ಎರಡನೇ ಮಾತಿನ ಬಾಲ ನನಗೆ ಕೇಳಿಸಿತು. ಕಾಕಾನ ಬಾಯಲ್ಲಿ ಅಂಥ ಕ್ರಿಯಾಪದ ನಾನು ಅದೇ ಮೊದಲು ಕೇಳಿದ್ದು.

ಕಾಕಿಗೂ ಕೇಳಿಸಿತ್ತು. ಒಲೆಯ ಮುಂದೆ ಕೂತಿದ್ದಳು, ಹಿಂತಿರುಗಿ ನೋಡಲಿಲ್ಲ. ರೊಟ್ಟಿ ಬಡಿಯುತ್ತಲೇ ಅಂದಳು, 'ಸಾಲ ಆಗಿಲ್ಲ ತಮ್ಮ, ಮಾಡ್ಯಾನ. ಬ್ಯಾಂಕಿಂದು ಬ್ಯಾರೆ, ಸೇಠಂದು ಬ್ಯಾರೆ. ನನ್ನ ಬಿಲ್ವಾರ ಇಟ್ಟಿದ್ದು ನನಗ ದೀಪಾವಳಿಗಿ ಗೊತ್ತಾಯ್ತು.'

ಕಾಕಾ ಚಟ್ನಿಗೆ ಎಣ್ಣೆ ಹಾಕಿಕೊಂಡ. ಕಾಕಿ ಇನ್ನೊಂದು ರೊಟ್ಟಿ ತಂದು ನನ್ನ ತಾಟಿಗೆ ಹಾಕಿ, ನನ್ನ ಎದುರಿಗೇ ಕೂತಳು. ಹೋಟೆಲಿನಲ್ಲಿ ಕೂರುವ ಅವಕಾಶ ಅವಳಿಗೆ ಯಾವತ್ತೂ ಸಿಕ್ಕಿರಲಿಲ್ಲ. 'ನೀ ಏನೇನೋ ಬರೀತಿ ಅಂತಲ್ಲ,' ಅಂದಳು. 'ತಾಳಿ ಕತಿ ಬರಿ, ಅದು ಅಂವಂದು. ಇದು ನಂದು. ನಾ ಹೇಳ್ತೀನಿ, ನಾ ಹೇಳಿದಂಗೇ ಬರಿ.' ಮತ್ತು ಶುರು ಮಾಡಿದಳು, ಬಿಲ್ವಾರ ಅವರ ಅವ್ವ ಕೊಟ್ಟ ದಿನದಿಂದ. ನಡುನಡುವೆ ಅವಳೇ ನಗುತ್ತಿದ್ದಳು. ಒಂದೆರಡು ಕಡೆ ಕಾಕಾನೂ ನಕ್ಕ.