ಹನ್ನೆರಡು ವೋಲ್ಟ್ ಇದೆಯಲ್ಲ!

ಮದ್ದೂರಿನಲ್ಲಿ ನನ್ನ ಮಾವನದು ಸಮೋಸ ಗಾಡಿ. ಅದಕ್ಕಿರುವುದು ಒಂದೇ ದೀಪ, 10 ವ್ಯಾಟ್‌ನ ಎಲ್‌ಇಡಿ. ಮಳವಳ್ಳಿಯಲ್ಲಿ ಮೊಬೈಲ್ ರಿಪೇರಿ ಕಲಿತ ನಮ್ಮಣ್ಣ ಹಳೇ ಲ್ಯಾಪ್‌ಟಾಪ್ ಬ್ಯಾಟರಿಗಳಿಂದ ತೆಗೆದ ಒಂಬತ್ತು ಲಿಥಿಯಂ ಸೆಲ್ ಜೋಡಿಸಿ ಅದಕ್ಕೊಂದು ಪ್ಯಾಕ್ ಮಾಡಿಕೊಟ್ಟಿದ್ದ. ಮೊದಮೊದಲು ನಾಲ್ಕು ಗಂಟೆ ಉರಿಯುತ್ತಿದ್ದ ದೀಪ, ಜನವರಿ ಹೊತ್ತಿಗೆ ಮುಕ್ಕಾಲು ಗಂಟೆಗೇ ಆರತೊಡಗಿತು. ಕತ್ತಲಲ್ಲಿ ನಿಂತ ಗಾಡಿಯ ಹತ್ತಿರ ಯಾರು ಬರುತ್ತಾರೆ? ಎಣ್ಣೆ ಕಾದಿರುತ್ತದೆ, ಗಿರಾಕಿ ಇರುವುದಿಲ್ಲ. ರಂಜಾನ್ ಬೇರೆ ಎದುರಿಗೇ ಇತ್ತು; ಮಾವನಿಗೆ ವರ್ಷದಲ್ಲೇ ಹೆಚ್ಚು ವ್ಯಾಪಾರವಾಗುವ ತಿಂಗಳು ಅದು.

ಮೀಟರ್ ಹಿಡಿದು ನೋಡಿದವರೆಲ್ಲ "ಹನ್ನೆರಡು ವೋಲ್ಟ್ ಇದೆಯಲ್ಲ" ಎಂದು ಹೇಳಿ ಹೋದರು. ಸ್ಕೂಟರ್ ಬ್ಯಾಟರಿ ನೋಡಿ ಅಭ್ಯಾಸವಾದವರಿಗೆ 12 ಎಂದರೆ ಸಮಾಧಾನ. ಆದರೆ ಲಿಥಿಯಂ-ಅಯಾನ್ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ. ನಮ್ಮ ಪ್ಯಾಕ್‌ನಲ್ಲಿ ಮೂರು ಮೂರು ಸೆಲ್‌ಗಳು ಪ್ಯಾರಲಲ್, ಅಂಥ ಮೂರು ಗುಂಪು ಸೀರೀಸ್. ಅಂದರೆ ಚಾರ್ಜ್ ಮುಗಿದಾಗ 12.6 ಬರಬೇಕು. ಉಳಿದ 0.6 ಎಲ್ಲಿ ಹೋಯಿತು?

ಗುಂಪು ಗುಂಪಾಗಿ ಅಳೆದೆವು: 4.19, 4.18, 3.62. ಎರಡು ವಿಷಯದಲ್ಲಿ ನೂರಕ್ಕೆ ನೂರು ತೆಗೆದು ಮೂರನೆಯದರಲ್ಲಿ ಫೇಲಾದವನ ಅಂಕಪಟ್ಟಿಯಂತೆ. ಶೇಕಡಾವಾರು ಮಾತ್ರ ನೋಡಿದರೆ ಜಾಣನೇ! ಪ್ಯಾಕ್ ಕಾಯುವ ಬಿಎಂಎಸ್ ಎಂಬ ಪುಟ್ಟ ಬೋರ್ಡ್ ಮೊತ್ತ ನೋಡುವುದಿಲ್ಲ, ಒಂದೊಂದು ಗುಂಪನ್ನೂ ನೋಡುತ್ತದೆ. ದೀಪ ಹಚ್ಚಿದಾಗ ಮೂರನೆಯ ಗುಂಪು ಬೇಗ 2.8ಕ್ಕೆ ಇಳಿಯುತ್ತಿತ್ತು, ಬೋರ್ಡ್ ಕರೆಂಟ್ ಕಡಿಯುತ್ತಿತ್ತು. ಆಗಲೂ ಉಳಿದೆರಡು ಗುಂಪಿನಲ್ಲಿ ನಾಲ್ಕರ ಮೇಲೇ ಇರುತ್ತಿತ್ತು. ಚಾರ್ಜ್ ಮಾಡುವಾಗ ಇದೇ ಕಥೆ ತಿರುಗುಮುರುಗು: ಚೆನ್ನಾಗಿರುವ ಗುಂಪುಗಳು ಮೊದಲು ತುಂಬುತ್ತವೆ, ಬೋರ್ಡ್ ನಿಲ್ಲಿಸುತ್ತದೆ, ಸೋತ ಗುಂಪು ಅರೆಹೊಟ್ಟೆಯಲ್ಲೇ ಉಳಿಯುತ್ತದೆ.

"ಆ ಬೋರ್ಡ್ ಕಿತ್ತುಹಾಕಿ, ಇನ್ನೂ ಒಂದು ಗಂಟೆ ಉರಿಯುತ್ತೆ" ಎಂದು ಒಬ್ಬರು ಸಲಹೆ ಕೊಟ್ಟರು. ಮಾವ ಒಪ್ಪಿಯೂ ಬಿಟ್ಟಿದ್ದರು. ಅಣ್ಣ ಬಿಡಲಿಲ್ಲ. ಸೆಲ್ ತೀರಾ ಬರಿದಾದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಒಳಗೇ ಶಾರ್ಟ್ ಮಾಡಿ ಬೆಂಕಿಗೆ ದಾರಿಯಾಗಬಹುದು. ಬಾಣಲೆ, ಗ್ಯಾಸ್ ಸ್ಟೌ ಇರುವ ಗಾಡಿ ಅದು.

ಇನ್ನು ಮೂರರಲ್ಲಿ ಕೆಟ್ಟದ್ದು ಯಾವುದು? ಪ್ಯಾರಲಲ್‌ನಲ್ಲಿ ಮೂರೂ ಒಂದೇ ವೋಲ್ಟೇಜ್ ತೋರಿಸುವುದರಿಂದ ಬಿಡಿಸದೆ ತಿಳಿಯುವುದಿಲ್ಲ. ಪಕ್ಕದಲ್ಲಿ ಮರಳಿನ ಬಕೆಟ್ ಇಟ್ಟುಕೊಂಡು ಅಣ್ಣ ನಿಕ್ಕಲ್ ಪಟ್ಟಿಗಳನ್ನು ಒಂದೊಂದಾಗಿ ಕತ್ತರಿಸಿದ. ಪ್ರತಿ ಸೆಲ್ಲನ್ನೂ ಪೂರ್ತಿ ಚಾರ್ಜ್ ಮಾಡಿ ಒಂದು ವಾರ ಸುಮ್ಮನೆ ಬಿಟ್ಟೆವು. ಆ ವಾರ ಮಾವ ಪಕ್ಕದ ಟೀ ಅಂಗಡಿಯ ಬೆಳಕಿಗೆ ಗಾಡಿ ತಿರುಗಿಸಿಕೊಂಡು ನಿಂತರು. ವಾರದ ಮೇಲೆ ಅಳೆದರೆ 4.16, 4.15, 3.79. ಕಳ್ಳ ಸಿಕ್ಕಿದ.

ಖಚಿತ ಮಾಡಿಕೊಳ್ಳಲು 1 ಆಂಪಿಯರ್ ಎಳೆದು ನೋಡಿದೆ. ಒಳ್ಳೆಯ ಸೆಲ್ 4.15ರಿಂದ 4.07ಕ್ಕೆ ಇಳಿಯಿತು, ಅಂದರೆ ಆಂತರಿಕ ರೋಧ 0.08 ಓಮ್. ಕೆಟ್ಟದ್ದು 3.79ರಿಂದ 3.49ಕ್ಕೆ, 0.30 ಓಮ್. ಇ ಮೈನಸ್ ಐ ಆರ್ ಎಂಬ ಸೂತ್ರವನ್ನು ದ್ವಿತೀಯ ಪಿಯುಸಿಯಲ್ಲಿ ಎರಡು ಅಂಕದ ಪ್ರಶ್ನೆಗೆಂದೇ ಕಲಿತಿದ್ದೆ.

ಹಳೆಯವುಗಳ ನಡುವೆ ಹೊಸ ಸೆಲ್ ಸೇರಿಸಿದರೆ ಮತ್ತೆ ಅಸಮತೋಲ. ಹಾಗಾಗಿ ಉಳಿದೆರಡು ಗುಂಪಿನಿಂದಲೂ ಒಂದೊಂದು ತೆಗೆದು, ಎಲ್ಲದರಲ್ಲೂ ಎರಡೆರಡು ಇಟ್ಟೆವು. ಈಗ ದೀಪ ಮೂರು ಗಂಟೆಗೆ ತುಸು ಕಡಿಮೆ ಉರಿಯುತ್ತದೆ. ಮಾವನ ವ್ಯಾಪಾರಕ್ಕೆ ಸಾಕು.

ಕೆಟ್ಟ ಸೆಲ್ಲನ್ನು ಕಸಕ್ಕೆ ಎಸೆಯಲಿಲ್ಲ. ಎರಡೂ ತುದಿಗೆ ಟೇಪ್ ಸುತ್ತಿ, ಇ-ತ್ಯಾಜ್ಯಕ್ಕೆ ಕೊಡಲು ತೆಗೆದಿಟ್ಟಿದ್ದೇವೆ. ನಮ್ಮದೇ ಜಿಲ್ಲೆಯ ಮರಳಗಾಲ-ಅಲ್ಲಾಪಟ್ಟಣ ಭಾಗದ ಕಲ್ಲಿನಲ್ಲಿ 1,600 ಟನ್ ಲಿಥಿಯಂ ಇರಬಹುದೆಂದು ಪರಮಾಣು ಖನಿಜ ನಿರ್ದೇಶನಾಲಯ ಅಂದಾಜಿಸಿದೆ. ಅದನ್ನು ನೆಲದಿಂದ ತೆಗೆಯುವ ಕಷ್ಟ ನೋಡಿದರೆ, ಕೈಯಲ್ಲಿರುವುದನ್ನು ಚರಂಡಿಗೆ ಎಸೆಯಲು ಮನಸ್ಸಾಗುವುದಿಲ್ಲ.

ತಿಂಗಳಿಗೊಮ್ಮೆ ಮೂರೂ ಗುಂಪುಗಳನ್ನು ಅಳೆದು ಮಾವನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆಯುತ್ತೇನೆ. ಕಳೆದ ಸಲ 4.18, 4.17, 4.17.