ಅವ್ವನ 23 ಕಾಲಮ್ಮುಗಳು

ಎಕ್ಸೆಲ್ ಶೀಟಿನಲ್ಲಿ 16,384 ಕಾಲಮ್ಮುಗಳಿರುತ್ತವೆ. ಎ4 ಕಾಗದವನ್ನು ಅಡ್ಡ ಹಿಡಿದರೂ ಅಗಲ 297 ಮಿಲಿಮೀಟರ್ ಅಷ್ಟೇ. ಆಫೀಸಿನಲ್ಲಿ ಈ ಎರಡರ ಜಗಳ ನನಗೆ ಗೊತ್ತೇ ಇರಲಿಲ್ಲ. ಹೈಟೆಕ್ ಸಿಟಿಯಲ್ಲಿ ಈಗ ಪ್ರಿಂಟ್ ತೆಗೆಯುವವರಾದರೂ ಯಾರು? ಅದು ಶುರುವಾದದ್ದು ಅವ್ವ ಹುಮನಾಬಾದಿನಿಂದ ಕೂಕಟ್‌ಪಲ್ಲಿಯ ನಮ್ಮ ಮನೆಗೆ ಬಂದಮೇಲೆ.

ಬಿಪಿ, ಶುಗರ್, ಮೂರು ಹೊತ್ತಿನ ಮಾತ್ರೆಗಳು, ನಿದ್ದೆ, ಖರ್ಚು, ಎಲ್ಲ ಸೇರಿ 23 ಕಾಲಮ್ಮು. ತಿಂಗಳ ಲೆಕ್ಕ ಒಂದೇ ಹಾಳೆಯಲ್ಲಿ ಬೇಕು, ಮೊಬೈಲ್ ತೋರಿಸಬೇಡಿ ಎಂದಿದ್ದರು ಡಾಕ್ಟರು. ನಮ್ಮ ಸರದಿಗೆ ಸಿಗುವುದೇ ಐದಾರು ನಿಮಿಷ, ಅವರ ಮಾತು ಸರಿಯೇ.

‘ಫಿಟ್ ಶೀಟ್ ಆನ್ ಒನ್ ಪೇಜ್’ ಒತ್ತಿದರೆ ಎಕ್ಸೆಲ್ ಎಲ್ಲವನ್ನೂ ಹಿಡಿಸಿಬಿಡುತ್ತದೆ. ನನ್ನ ಶೀಟನ್ನು 38 ಪ್ರತಿಶತಕ್ಕೆ ಇಳಿಸಿತು. ಅಂದರೆ 11 ಪಾಯಿಂಟಿನ ಅಕ್ಷರ ನಾಲ್ಕರ ಆಸುಪಾಸು. ಅಂಕಿಗಳಾದರೆ ಹೇಗೋ ಕಂಡಾವು, ಕನ್ನಡದ ಒತ್ತಕ್ಷರ ಕಾಣುವುದಿಲ್ಲ. ‘ರಾತ್ರಿ’ಯ ಒತ್ತು ಕೆಳಗಿನ ಗೆರೆಗೆ ಅಂಟಿ ಮಾಯವಾಗಿತ್ತು. ಕನ್ನಡವೇ ಯಾಕೆಂದರೆ, ಇನ್ನೊಂದು ಪ್ರತಿ ಫ್ರಿಜ್ಜಿನ ಮೇಲಿರುತ್ತದೆ. ಅದನ್ನು ಓದುವವಳು ಅವ್ವ.

ಎ3 ಆದರೆ ಎರಡರಷ್ಟು ಜಾಗ, ಆದರೆ ಆಸ್ಪತ್ರೆಯ ಫೈಲು ಎ4ರದ್ದು. ಮಡಚಿದ ಹಾಳೆಯನ್ನು ಯಾವ ಡಾಕ್ಟರೂ ಬಿಚ್ಚುವುದಿಲ್ಲ. ತಲೆಬರಹಗಳನ್ನು 90 ಡಿಗ್ರಿ ತಿರುಗಿಸಬಹುದು, ಆಗ ಅವ್ವ ಕತ್ತು ವಾಲಿಸಬೇಕು.

ಉಳಿದ ದಾರಿ ಕಾಲಮ್ಮು ಕಡಿಮೆ ಮಾಡುವುದು. ಹೈಡ್ ಮಾಡಿದ ಕಾಲಮ್ಮು ಪ್ರಿಂಟಾಗುವುದಿಲ್ಲ, ಅಳಿದೂ ಹೋಗುವುದಿಲ್ಲ. ಯಾರು ಎಷ್ಟು ಕೊಟ್ಟರೆಂಬ ಅಣ್ಣತಮ್ಮಂದಿರ ಲೆಕ್ಕ ಮೊದಲು ಹೋಯಿತು. ಮಾತ್ರೆಗಳ ಒಂಬತ್ತು ಕಾಲಮ್ಮು ‘ಬೆ, ಮ, ರಾ’ ಎಂಬ ಮೂರಾದವು: ನುಂಗಿದ್ದರೆ ಖಾಲಿ, ತಪ್ಪಿದರೆ ಮಾತ್ರ ಗುರುತು. ಎಲ್ಲಕ್ಕಿಂತ ಅಗಲವಾದದ್ದು ಕೊನೆಯದು, ‘ಅವ್ವ ಹೇಳಿದ್ದು’. ‘ಎದ್ದ ಕೂಡ್ಲೆ ತಲಿ ತಿರುಗ್ತದ.’ ‘ಗ್ವಾಡಿ ಹಿಡ್ಕೊಂಡು ಬಚ್ಚಲಕ್ಕ ಹೋದೆ.’ ಇದನ್ನು ತೆಗೆದರೆ ಸುಲಭ ಎಂದಳು ಹೆಂಡತಿ. ನನ್ನ ಪ್ರಾಜೆಕ್ಟ್ ಮ್ಯಾನೇಜರ್ ಬುದ್ಧಿಯೂ ಅದನ್ನೇ ಹೇಳುತ್ತಿತ್ತು, ಅಂಕಿಯಲ್ಲದ್ದು ರಿಪೋರ್ಟಿಗೆ ಯಾಕೆ ಅಂತ. ತೆಗೆಯಲಿಲ್ಲ. ಬೆಳಗಿನ ಬಿಪಿಯ ಪಕ್ಕಕ್ಕೆ ತಂದು, ಮಾತು ಉದ್ದವಾದ ಕಡೆ ವ್ರ್ಯಾಪ್ ಮಾಡಿ ಎರಡು ಸಾಲಾಗಿಸಿದೆ. ಎಂಟು ಕಾಲಮ್ಮು, 86 ಪ್ರತಿಶತ.

ಡಾಕ್ಟರ ಬೆರಳು ಅಲ್ಲೇ ನಿಂತಿತು. ತೆಲುಗು ಓದುವವರಿಗೆ ನಮ್ಮ ಲಿಪಿ ತೀರ ಹೊಸದಲ್ಲ, ತಲೆ ತಿರುಗುವುದಕ್ಕೆ ಎರಡೂ ಭಾಷೆಯಲ್ಲಿ ಹೆಚ್ಚುಕಡಿಮೆ ಒಂದೇ ಮಾತು. ಆ ಮಾತಿದ್ದ ದಿನಗಳಲ್ಲೆಲ್ಲ ಪಕ್ಕದ ಬಿಪಿ ನೂರರ ಒಳಗಿತ್ತು. ಅವ್ವನನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ರಾತ್ರಿಯ ಒಂದು ಮಾತ್ರೆ ಅರ್ಧಕ್ಕಿಳಿಯಿತು.

ಫ್ರಿಜ್ಜಿನ ಮೇಲಿನ ಪ್ರತಿ ನೋಡಿ ಅವ್ವ, “ನಾ ಅಂದದ್ದೆಲ್ಲ ಬರ್ದೀದಿ, ಖರೆ. ಅಕ್ಷರ ಇನ್ನಾ ಸ್ವಲ್ಪ ದೊಡ್ಡವು ಮಾಡಪಾ” ಅಂದಳು. ಈ ತಿಂಗಳು ನಿದ್ದೆಯ ಕಾಲಮ್ಮನ್ನೂ ಹೈಡ್ ಮಾಡಿದ್ದೇನೆ.